ಮತ್ಸ್ಯವಿನೋದದಿಂದ ಮತ್ಸ್ಯರಕ್ಷಣೆಗೆ

ಸ್ಕಾಟ್ಲೆಂಡ್, ನಾರ್ವೆ, ಕೆನಡಾ ಮೊದಲಾದ ಉತ್ತರದ ನಾಡುಗಳಲ್ಲಿ ಶರತ್ಕಾಲವೆಂದರೆ ಗಾಳಗಾರರಿಗೆ ವರ್ಷದ ಕೊನೆಯ ಸುಗ್ಗಿ. ಬಿಸಿಲು ಇಳಿದು, ಗುಡ್ಡದ ಮರಗಳ ಎಲೆ ಹಳದಿಗೆ ತಿರುಗಿ, ಸರೋವರಗಳ ನೀರು ತಣ್ಣಗಾಗುತ್ತ ಬಂದಾಗ, ಬೇಸಗೆಯಲ್ಲಿ ಆಳದಲ್ಲಿ ಅಡಗಿದ್ದ ಟ್ರೌಟ್ ಎಂಬ ಮೀನು ಮೇಲೆದ್ದು ದಡದ ಬಳಿ ಮೇಯತೊಡಗುವುದು. ಅದನ್ನು ಹಿಡಿಯಲು ಅಲ್ಲಿಯ ರಸಿಕ ಗಾಳಗಾರನು ಎರೆಹುಳವನ್ನು ಮುಟ್ಟುವುದಿಲ್ಲ. ಚಿಕ್ಕದೊಂದು ಕೊಕ್ಕೆಗೆ ಹಕ್ಕಿಯ ಗರಿ, ರೇಷ್ಮೆಯ ಎಳೆ, ಮೊಲದ ತುಪ್ಪಳು ಇವನ್ನು ಸುತ್ತಿ, ನೀರಿನ ಮೇಲೆ ಹಾರಾಡುವ ನೊಣದ ರೂಪವನ್ನು ಅದಕ್ಕೆ ಕೊಟ್ಟು, ಉದ್ದನೆಯ ಬಳುಕುವ ಕೋಲಿನಿಂದ ಅದನ್ನು ನೀರಿನ ಮೇಲೆ ಹಗುರಾಗಿ ಇಳಿಯಬಿಡುತ್ತಾನೆ. ಮೀನು ಅದನ್ನು ನಿಜವಾದ ನೊಣವೆಂದು ನಂಬಿ ಎಗರಿದರೆ ಅವನ ದಿನ ಸಾರ್ಥಕ. ನಂಬದಿದ್ದರೆ, ಬರಿಗೈಯಲ್ಲಿ ಮನೆಗೆ ಹಿಂದಿರುಗುವುದೂ ಅವನಿಗೆ ಅಗೌರವವಲ್ಲ.

ಈ ಸುಗ್ಗಿಗೆ ಒಂದು ಗಡುವುಂಟು. ಸ್ಕಾಟ್ಲೆಂಡಿನಲ್ಲಿ ಅಕ್ಟೋಬರ್ ೬ನೆಯ ತಾರೀಖಿಗೆ ಕಂದು ಟ್ರೌಟಿನ ಬೇಟೆ ಮುಗಿಯುವುದು. ಮುಂದಿನ ಮಾರ್ಚ್ ೧೫ರ ವರೆಗೆ ಅದಕ್ಕಾಗಿ ಗಾಳ ನೀರಿಗಿಳಿಯಕೂಡದೆಂದು ಕಾನೂನು. ಶರತ್ಕಾಲದ ಕೊನೆಗೆ ಆ ಮೀನು ತೊರೆಗಳನ್ನೇರಿ ನೊರಜುಗಲ್ಲುಗಳ ನಡುವೆ ತತ್ತಿಯಿಡುವುದೇ ಇದಕ್ಕೆ ಕಾರಣ. ಗರ್ಭಿಣಿಯನ್ನು ಹೊಡೆಯಬಾರದೆಂಬ ಧರ್ಮವನ್ನು ಅಲ್ಲಿಯವರು ಪಂಚಾಂಗದ ತಾರೀಖಾಗಿ ಮಾಡಿಕೊಂಡಿದ್ದಾರೆನ್ನಬಹುದು. ೧೯೩೦ರ ದಶಕದ ಈಚೆಗೆ ಅಮೆರಿಕದ ಲೀ ವುಲ್ಫ್ ಎಂಬ ಪ್ರಸಿದ್ಧ ಗಾಳಗಾರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡುವುದೇ ಲೇಸೆಂದು ಬೋಧಿಸಿದನು. ಇಂದು ಅದು ಆ ನಾಡುಗಳಲ್ಲಿ ಒಂದು ಸಂಪ್ರದಾಯವೇ ಆಗಿದೆ. ನಾರ್ವೆ, ಸ್ವೀಡನ್ನುಗಳ ಸರೋವರಗಳು ಕಾರಖಾನೆಗಳ ಹೊಗೆಯಿಂದಾದ ಆಮ್ಲಮಳೆಗೆ ತುತ್ತಾಗಿ ಮೀನಿಲ್ಲದ ನೀರಾಗುತ್ತಿವೆಯೆಂಬುದನ್ನು ಮೊದಮೊದಲು ಗಮನಿಸಿದವರಲ್ಲಿ ಈ ಗಾಳಗಾರರೂ ಇದ್ದರು. ಆ ಹೊಗೆ ಪರದೇಶದ ಚಿಮಣಿಗಳಿಂದ ಗಾಳಿಯಲ್ಲಿ ತೇಲಿ ಬಂದದ್ದೆಂದು ಸಿದ್ಧವಾಗಿ, ೧೯೭೯ರಲ್ಲಿ ಜಿನೀವಾದಲ್ಲಿ ರಾಷ್ಟ್ರರಾಷ್ಟ್ರಗಳ ನಡುವೆ ಒಪ್ಪಂದವೇ ಆಯಿತು.

ಜೋಳದ ಹೊಲಗಳ ನಡುವೆ, ಕುಡಿಯುವ ನೀರಿಗೇ ತತ್ವಾರಪಡುವ ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಕುಳಿತು ಈ ವಿಷಯವನ್ನು ಬರೆಯುವುದೇಕೆಂದು ವಾಚಕರು ಕೇಳಬಹುದು. ಅದರಲ್ಲಿಯೂ ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವ ಮನೆತನಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ! ಆದರೆ ಗಾಳದ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೆ ಅದು ನಮ್ಮ ಮನೆಯ ಅಂಗಳಕ್ಕೇ ಬಂದು ನಿಲ್ಲುವುದು. ಅಷ್ಟೇ ಅಲ್ಲ, ಇಂದು ಮೀನಿನ ರಕ್ಷಣೆಯ ವಿಷಯದಲ್ಲಿ ದಕ್ಷಿಣ ಭಾರತದಲ್ಲಿ ನಡೆದಿರುವ ದೊಡ್ಡದೊಂದು ವಾದದ ಮೂಲವೂ ನಮ್ಮ ಭೀಮಾನದಿಯ ನೀರಿನಲ್ಲಿಯೇ ಇದೆ.

ಕ್ರಿಸ್ತಶಕ ಸುಮಾರು ೨೦೦ರಲ್ಲಿದ್ದ ಈಲಿಯನ್ ಎಂಬ ರೋಮನ್ ಗ್ರಂಥಕಾರನು, ಮ್ಯಾಸಿಡೋನಿಯದ ಜನರು ಕೆಂಪು ಉಣ್ಣೆಯನ್ನೂ ಹಕ್ಕಿಯ ಗರಿಯನ್ನೂ ಕೊಕ್ಕೆಗೆ ಸುತ್ತಿ ಮೀನು ಹಿಡಿಯುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಆಮೇಲೆ ಬಹುಕಾಲ ಐರೋಪ್ಯ ಗ್ರಂಥಗಳಲ್ಲಿ ಈ ವಿದ್ಯೆಯ ವಿಸ್ತಾರವಾದ ವರ್ಣನೆ ಕಾಣುವುದಿಲ್ಲ. ಗಾಳವಿದ್ಯೆಯನ್ನೇ ವಿಷಯವಾಗಿ ಉಳ್ಳ ಇಂಗ್ಲಿಷಿನ ಮೊದಲ ಪುಸ್ತಕವು ಅಚ್ಚಾದದ್ದು ೧೪೯೬ರಲ್ಲಿ. ಅದರಲ್ಲಿ ಹನ್ನೆರಡು ಬಗೆಯ ಕೃತಕ ನೊಣಗಳ ಲಕ್ಷಣವೂ, ಮಿತಿಮೀರಿ ಮೀನು ಹಿಡಿಯಬಾರದೆಂಬ ಉಪದೇಶವೂ ಇವೆ. ಐಸಾಕ್ ವಾಲ್ಟನ್ನನ ಸುಪ್ರಸಿದ್ಧ ಗ್ರಂಥವು ೧೬೫೩ರದು.

ಈಗ ನಮ್ಮ ಕಡೆಗೆ ಬರೋಣ. ಅಕ್ಕಲಕೋಟೆಯಿಂದ ಈಶಾನ್ಯಕ್ಕೆ, ಬಹು ದೂರವೇನಲ್ಲದ ಕಲ್ಯಾಣ ಪಟ್ಟಣದಲ್ಲಿ ೧೧೨೬ರಿಂದ ೧೧೩೮ರ ವರೆಗೆ ಆಳಿದವನು ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗನಾದ ಇವನಿಗೆ ಭೂಲೋಕಮಲ್ಲನೆಂದೂ ಸರ್ವಜ್ಞ ಚಕ್ರವರ್ತಿಯೆಂದೂ ಬಿರುದುಗಳಿದ್ದವು. ಎರಡನೆಯ ಬಿರುದಿಗೆ ಆಧಾರವಾದುದು ೧೧೨೯ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥ. ‘ಅಭಿಲಷಿತಾರ್ಥ ಚಿಂತಾಮಣಿ’ಯೆಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳು, ಒಂದೊಂದರಲ್ಲಿಯೂ ಇಪ್ಪತ್ತು ಅಧ್ಯಾಯಗಳು. ಹೀಗೆ ನೂರು ಅಧ್ಯಾಯಗಳಲ್ಲಿ ರಾಜ್ಯವನ್ನು ಗಳಿಸುವುದರಿಂದ ಹಿಡಿದು ಅಡಿಗೆಮನೆಯ ಪಾಕಗಳ ವರೆಗೆ, ಆನೆಯ ಲಕ್ಷಣದಿಂದ ಹಿಡಿದು ಸಂಗೀತದ ವರೆಗೆ ಅರಸನಿಗೆ ತಿಳಿದಿರಬೇಕಾದ ಸಮಸ್ತವೂ ಅದರಲ್ಲಿ ಅಡಕವಾಗಿದೆ. ಅದರ ಮೊದಲ ಭಾಗವನ್ನು ಮೈಸೂರಿನಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಬಡೋದೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಅದು ೧೯೨೫ರಿಂದ ೧೯೬೧ರ ವರೆಗೆ ಮೂರು ಸಂಪುಟಗಳಲ್ಲಿ ಬಂದಿತು.

ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ ಮತ್ಸ್ಯವಿನೋದವೆಂಬುದು ಒಂದು ಅಧ್ಯಾಯ. ಅದರಲ್ಲಿ ಸುಮಾರು ೩೫ ಬಗೆಯ ಮೀನುಗಳ ಹೆಸರುಗಳುಂಟು. ಅರಸನು ಅವುಗಳನ್ನು ಸುಮ್ಮನೆ ಪಟ್ಟಿಮಾಡಿಲ್ಲ. ಸಮುದ್ರದವು ಯಾವುವು, ನದಿಯವು ಯಾವುವು. ಮೈಮೇಲೆ ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವು ಯಾವುವು, ಚಿಕ್ಕವು ಯಾವುವು ಎಂದು ವಿಂಗಡಿಸಿದ್ದಾನೆ. ಯಾವ ಮೀನಿಗೆ ಯಾವ ಆಹಾರವನ್ನು ಒಡ್ಡಿದರೆ ಅದು ಬರುವುದೆಂಬುದನ್ನೂ, ಗಾಳದ ಉಪಕರಣಗಳನ್ನೂ, ಗಾಳಕ್ಕೆ ಸಿಕ್ಕ ಮೀನಿನೊಡನೆ ಆಡುವ ಆಟದ ಸೊಗಸನ್ನೂ ಹೇಳಿದ್ದಾನೆ. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯದ ಮೇಲೆ ಒಂದು ಲೇಖನವನ್ನು ಪ್ರಕಟಿಸಿ, ಪ್ರಾಚೀನ ಗ್ರಂಥದ ಮೀನುಗಳನ್ನು ಇಂದಿನ ಶಾಸ್ತ್ರದ ಹೆಸರುಗಳೊಡನೆ ಹೊಂದಿಸಲು ಯತ್ನಿಸಿದರು. ಇಂಗ್ಲೆಂಡಿನ ಪುಸ್ತಕಕ್ಕಿಂತ ಮುನ್ನೂರ ಅರುವತ್ತಕ್ಕೂ ಹೆಚ್ಚು ವರ್ಷ ಹಿಂದೆ, ನಮ್ಮ ನಾಡಿನ ಅರಸನೊಬ್ಬನು ಕೈಯಲ್ಲಿ ಗಾಳ ಹಿಡಿದು ನೀರಿನ ಅಂಚಿನಲ್ಲಿ ಕುಳಿತು ಮೀನುಗಳ ನಡತೆಯನ್ನು ಅಷ್ಟು ಸಾವಧಾನದಿಂದ ನೋಡಿದ್ದನೆಂಬುದು ಸಾಮಾನ್ಯ ಸಂಗತಿಯಲ್ಲ.

ಆದರೆ ಅಭಿಮಾನದ ಭರದಲ್ಲಿ ಇಲ್ಲದುದನ್ನು ಹೇಳಬಾರದು. ಮತ್ಸ್ಯವಿನೋದವು ಹೆಸರೇ ಹೇಳುವಂತೆ ವಿನೋದದ ಅಧ್ಯಾಯ, ರಕ್ಷಣೆಯ ಶಾಸನವಲ್ಲ. ಅದೇ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ ಮೀನಿನ ಅಡಿಗೆಯ ಕ್ರಮವೂ ಇದೆಯೆಂಬುದನ್ನು ಮರೆಯುವಂತಿಲ್ಲ. ಮೀನಿನ ರಕ್ಷಣೆಯ ಶಾಸನವನ್ನು ನಮ್ಮ ದೇಶದಲ್ಲಿ ಹುಡುಕುವವರು ಇನ್ನೂ ಹದಿನಾಲ್ಕು ನೂರು ವರ್ಷ ಹಿಂದೆ ಹೋಗಬೇಕು. ಅಶೋಕನು ಪಟ್ಟಕ್ಕೆ ಬಂದ ೨೬ನೆಯ ವರ್ಷದಲ್ಲಿ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ ಚಾತುರ್ಮಾಸದ ಹುಣ್ಣಿಮೆಗಳಂದೂ ಬೇರೆ ಕೆಲವು ಪರ್ವದಿನಗಳಲ್ಲಿಯೂ ಮೀನನ್ನು ಕೊಲ್ಲಕೂಡದು, ಮಾರಕೂಡದು ಎಂದು ವಿಧಿಸಲಾಗಿದೆ. ಸೋಮೇಶ್ವರನಲ್ಲಿ ಇರುವುದು ಬೇರೆ ವಸ್ತು. ಅದು ಪರಿಚಯ. ಹೆಸರು ಹಿಡಿದು, ಗುಣ ಹಿಡಿದು, ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ತಿಳಿಯುವ ಪರಿಚಯ. ಈ ಪರಿಚಯವಿಲ್ಲದೆ ಕೇವಲ ಸದಿಚ್ಛೆಯಿಂದ ಮೀನನ್ನು ಕಾಯಹೊರಟರೆ ಏನಾಗುವುದೆಂಬುದನ್ನು ಮುಂದೆ ಕಾಣಲಿದ್ದೇವೆ.

ಕಲ್ಯಾಣದ ವೈಭವ ಅಳಿದು ಆರು ಶತಮಾನಗಳಿಗೂ ಹೆಚ್ಚು ಕಾಲವಾದ ಮೇಲೆ ಭೀಮೆಯ ಮೀನುಗಳಿಗೆ ಮತ್ತೊಬ್ಬ ವಿಚಾರಕನು ದೊರೆತನು. ಮುಂಬಯಿ ಸೈನ್ಯದ ಅಧಿಕಾರಿ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್. ೧೮೨೪ರಿಂದ ಇವನು ಮುಂಬಯಿ ಸರಕಾರದ ಪರವಾಗಿ ದಖ್ಖನಿನ ಅಂಕಿಅಂಶಗಳನ್ನು ಸಂಗ್ರಹಿಸುತ್ತ ಊರೂರು ತಿರುಗಿದನು. ಬೆಳೆಯ ಲೆಕ್ಕ, ಜನರ ಲೆಕ್ಕಗಳ ಜೊತೆಗೆ ಹಕ್ಕಿಗಳನ್ನೂ ಮೀನುಗಳನ್ನೂ ನೋಡಿ ಬರೆದುಕೊಂಡನು. ದಖ್ಖನಿನ ಮೀನುಗಳ ಮೇಲೆ ಅವನು ಬರೆದ ಪ್ರಬಂಧವು ೧೮೩೮ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಬಂದು, ಬಳಿಕ ಅಚ್ಚಾಯಿತು. ಅದರಲ್ಲಿ ನಮಗೆ ಮುಖ್ಯವಾದ ಎರಡು ಮೀನುಗಳಿವೆ. ಒಂದು, ಪುಣೆಯ ಪೂರ್ವಕ್ಕೆ ಮುಳಾ-ಮುಠಾ ನದಿಯಲ್ಲಿ ದೊರೆತದ್ದು. ಅದಕ್ಕೆ ಅವನಿಟ್ಟ ಹೆಸರು ‘ಖುಡ್ರಿ’. ಇನ್ನೊಂದು, ಶಿರೂರಿನ ಬಳಿ ಘೋಡ ನದಿಯಲ್ಲಿ ದೊರೆತದ್ದು. ಅದಕ್ಕಿಟ್ಟ ಹೆಸರು ‘ಮಸುಲ್ಲಾ’. ಈ ಎರಡು ನದಿಗಳೂ ಭೀಮೆಗೆ ಕೂಡುವಂಥವು. ಸೈಕ್ಸನು ಆ ಹೆಸರುಗಳನ್ನು ಲ್ಯಾಟಿನ್ ಕೋಶದಿಂದ ತೆಗೆಯಲಿಲ್ಲ. ದಡದ ಜನ ಆಡುವ ಮಾತನ್ನೇ ಕಿವಿಯಿಂದ ಕೇಳಿ, ತನ್ನ ನಾಲಿಗೆಗೆ ಒಗ್ಗಿದಂತೆ ಬರೆದುಕೊಂಡನು. ಭೋಯಿ, ಕೋಳಿ, ಬೆಸ್ತ, ಅಂಬಿಗರ ಬಾಯಲ್ಲಿ ಉಳಿದು ಬಂದಿದ್ದ ಶಬ್ದ ಹೀಗೆ ಪ್ರಪಂಚದ ಶಾಸ್ತ್ರಗ್ರಂಥಗಳನ್ನು ಸೇರಿತು.

ಖುಡ್ರಿಯೆಂಬುದು ಮಹಶೀರ್ ಕುಲದ ಮೀನು. ದೊಡ್ಡ ತಲೆಯುಳ್ಳದ್ದಾದ್ದರಿಂದ ಮಹಾಶಿರವೆಂದು ಕೆಲವರು ಆ ಹೆಸರನ್ನು ಬಿಡಿಸುತ್ತಾರೆ. ಬೇರೆ ವ್ಯುತ್ಪತ್ತಿಗಳೂ ಇವೆ. ಅಂಗೈಯಗಲದ ಹುರುಪೆ, ದಪ್ಪ ತುಟಿ, ಬಾಯ ಬದಿಯಲ್ಲಿ ಮೀಸೆಯಂಥ ಎಳೆಗಳು, ಹರಿಯುವ ನೀರಿನಲ್ಲಿ ಪ್ರವಾಹಕ್ಕೆ ಎದುರಾಗಿ ಈಜುವ ಬಲ ಇವು ಅದರ ಲಕ್ಷಣಗಳು. ಮುಂಗಾರಿನಲ್ಲಿ ನದಿ ಉಕ್ಕಿದಾಗ ಅದು ಮೇಲ್ಮೇಲಕ್ಕೆ ಏರಿ ಕಲ್ಲುನೆಲದಲ್ಲಿ ತತ್ತಿಯಿಡುವುದು. ಉತ್ತರದ ಟ್ರೌಟಿಗೆ ಶರತ್ಕಾಲದ ಕೊನೆ ಹೇಗೋ ನಮ್ಮ ಮಹಶೀರಿಗೆ ಮಳೆಗಾಲ ಹಾಗೆ. ಮಳೆ ನಿಂತು, ದಸರೆ ದೀಪಾವಳಿಗಳು ಕಳೆದು, ನೀರು ತಿಳಿಯಾದ ಮೇಲೆಯೇ ಗಾಳಗಾರನ ಕಾಲ.

ಗಾಳ ಮತ್ತು ರಕ್ಷಣೆ ಎರಡನ್ನೂ ಒಂದೇ ಕೈಯಲ್ಲಿ ಹಿಡಿದವರಲ್ಲಿ ಮೊದಲಿಗನೆಂದು ಹೆನ್ರಿ ಸಲಿವನ್ ಥಾಮಸನನ್ನು ಹೇಳಬೇಕು. ಮದ್ರಾಸು ಸರಕಾರದ ಸೇವೆಯಲ್ಲಿದ್ದ ಇವನು ದಕ್ಷಿಣ ಕನ್ನಡದ ಕಲೆಕ್ಟರನಾಗಿ, ಆ ಜಿಲ್ಲೆಯ ಮೀನುಸಾಕಣೆಯ ಬಗೆಗೆ ೧೮೭೦ರಲ್ಲಿ ಒಂದು ವರದಿಯನ್ನು ಪ್ರಕಟಿಸಿದನು. ೧೮೭೩ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಅವನ ಪುಸ್ತಕವು ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಪುಸ್ತಕವು ಮುಂದೆ ಲಂಡನ್ನಿನಲ್ಲಿ ಮರುಮುದ್ರಣಗಳನ್ನು ಕಂಡು, ಭಾರತದಲ್ಲಿ ಗಾಳ ಹಾಕುವ ಆಂಗ್ಲರಿಗೆಲ್ಲ ಕೈಪಿಡಿಯಾಯಿತು. ಟ್ರೌಟಿಗೆಂದು ಕಟ್ಟಿದ ಗರಿಯ ನೊಣಕ್ಕೆ ನಮ್ಮ ಮಹಶೀರೂ ಬಾಯಿ ಹಾಕುವುದೆಂಬುದು ಅವನಿಗೆ ಗೊತ್ತಿತ್ತು. ಬರಿಯ ಬೇಟೆಯ ಮಾತಿಗೆ ಅವನು ನಿಲ್ಲಲಿಲ್ಲ. ಮಡುಗಳಿಗೆ ವಿಷ ಹಾಕಿ ಹಿರಿದು ಕಿರಿದೆನ್ನದೆ ಎಲ್ಲವನ್ನೂ ಕೊಲ್ಲುವುದು, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಗೋರುವುದು ನಿಲ್ಲಬೇಕೆಂದು ವಾದಿಸಿದನು. ಇಂಥ ವಾದಗಳು ಬೆಳೆದು ೧೮೯೭ರಲ್ಲಿ ಭಾರತದ ಮೀನುಗಾರಿಕೆಯ ಕಾಯಿದೆ ಹುಟ್ಟಿತು. ನೀರಿನಲ್ಲಿ ಸಿಡಿಮದ್ದು ಸಿಡಿಸುವುದೂ ವಿಷ ಬೆರೆಸುವುದೂ ಅದರ ಪ್ರಕಾರ ಅಪರಾಧ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಆ ಕಾಲದ ಸಾಹೇಬರ ಬರವಣಿಗೆಯಲ್ಲಿ ಮೀನಿನ ನಾಶಕ್ಕೆ ಬಹುಮಟ್ಟಿಗೆ ನಮ್ಮ ಬಡ ಬೆಸ್ತರೇ ಹೊಣೆಗಾರರು. ಆದರೆ ಸಿಡಿಮದ್ದು ಬೆಸ್ತರ ಗುಡಿಸಲಿನಲ್ಲಿ ಹುಟ್ಟಿದ ವಸ್ತುವಲ್ಲ. ನೊಬೆಲ್ ಎಂಬವನು ೧೮೬೭ರಲ್ಲಿ ಡೈನಮೈಟನ್ನು ಕಂಡುಹಿಡಿದನು. ಅದು ಕಲ್ಲುಗಣಿ, ರಸ್ತೆ, ರೈಲುದಾರಿಗಳ ಕೆಲಸದೊಡನೆ ನಮ್ಮ ನದಿಗಳ ದಡಕ್ಕೆ ಬಂದಿತು. ಹೊಟ್ಟೆಯ ಪಾಡಿಗೆ ಬಲೆ ಬೀಸುವವನನ್ನೂ, ಅರವತ್ತು ಪೌಂಡಿನ ಮೀನನ್ನು ಗೋಡೆಗೆ ತೂಗುಹಾಕಲೆಂದು ಹಿಡಿಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗ ಕೈ ನಡುಗಬೇಕಿತ್ತು. ೧೯೪೬ರ ಮಾರ್ಚ್ ೨೨ರಂದು ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ೧೨೦ ಪೌಂಡು, ಎಂದರೆ ೫೪ ಕಿಲೋಗ್ರಾಮಿನ ಮಹಶೀರನ್ನು ಗಾಳದಿಂದ ಎಳೆದರು. ಇವರು ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತರೂಪ ಕೊಡುವ ಕಲೆಯಲ್ಲಿ ಲೋಕಪ್ರಸಿದ್ಧರು. ಗಾಳಕ್ಕೆ ಸಿಕ್ಕ ಮಹಶೀರುಗಳಲ್ಲಿ ಅದೇ ಅತಿ ದೊಡ್ಡದೆಂದು ಇಂದಿಗೂ ಹೆಸರಾಗಿದೆ.

ಕಾಯಿದೆಗಳಿಗೆ ಬಹು ಹಿಂದಿನಿಂದ ಮಹಶೀರನ್ನು ನಿಜವಾಗಿ ಕಾದದ್ದು ದೇವಸ್ಥಾನಗಳ ಮೆಟ್ಟಲುಗಳು. ಶೃಂಗೇರಿಯ ತುಂಗೆಯಲ್ಲಿ, ಕಾವೇರಿಯ ರಾಮನಾಥಪುರದಲ್ಲಿ, ದಕ್ಷಿಣ ಕನ್ನಡದ ಶಿಶಿಲದಲ್ಲಿ ಯಾತ್ರಿಕರು ಎಸೆದ ಅಕ್ಕಿ ಮಂಡಕ್ಕಿಗೆ ಮೊಳದುದ್ದದ ಮೀನುಗಳು ಮುತ್ತಿಕೊಳ್ಳುವುದನ್ನು ನೋಡಿದವರು ಅನೇಕರಿದ್ದಾರೆ. ಅಲ್ಲಿ ಪಹರೆಯವನಿಲ್ಲ, ಭಕ್ತಿಯೇ ಪಹರೆ. ಆದರೆ ಭಕ್ತಿಯಿಲ್ಲದವನ ಮುಂದೆ ಅದು ನಿರುಪಾಯ. ೧೯೯೬ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಅವುಗಳಿಗೆ ಒಂದು ಸ್ಮಾರಕವನ್ನು ಕಟ್ಟಿದ್ದಾರೆ. ಮೀನಿಗೆ ವೀರಗಲ್ಲು ನೆಟ್ಟ ಊರು ಬೇರೊಂದನ್ನು ನಾನು ಕೇಳಿಲ್ಲ.

ಸ್ವಾತಂತ್ರ್ಯದ ನಂತರದ ಕಥೆ ಕಾವೇರಿಯದು. ೧೯೭೨ರಲ್ಲಿ ಬೆಂಗಳೂರಿನಲ್ಲಿ ಕೆಲವು ಗಾಳಪ್ರಿಯರು ಸೇರಿ ದಕ್ಷಿಣ ಭಾರತದ ವನ್ಯಜೀವಿ ಸಂಘವನ್ನು ಕಟ್ಟಿ, ಕಾವೇರಿಯ ಒಂದು ಪಾತ್ರವನ್ನು ಗುತ್ತಿಗೆಗೆ ಪಡೆದು, ಅಲ್ಲಿ ಸಿಡಿಮದ್ದು ಬೀಳದಂತೆ ಕಾವಲಿಟ್ಟರು. ೧೯೮೦ರಲ್ಲಿ ಸ್ಥಾಪನೆಯಾದ ಕರ್ನಾಟಕ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳಗಾರರ ಬೀಡುಗಳನ್ನು ನಡೆಯಿಸಿತು. ಪರದೇಶದಿಂದ ಬಂದವರು ಹಣ ತೆತ್ತು ಹರಿಗೋಲಿನಲ್ಲಿ ಕುಳಿತು ಗಾಳ ಹಾಕುವರು. ಉತ್ತರದ ಸರೋವರಗಳ ನಯವಾದ ಗರಿಯ ನೊಣ ಇಲ್ಲಿಯ ಬಂಡೆಗಳ ನಡುವಿನ ರಭಸಕ್ಕೆ ಸಾಲದು. ಇಲ್ಲಿ ಮೀನಿಗೆ ಮೆಚ್ಚು ಬೇಯಿಸಿದ ರಾಗಿಹಿಟ್ಟಿನ ಮುದ್ದೆ! ಸಿಕ್ಕ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೆ ಬಿಡಬೇಕೆಂಬುದು ನಿಯಮ. ಹಿಂದೆ ಕದ್ದು ಮೀನು ಹೊಡೆಯುತ್ತಿದ್ದ ದಡದ ಹಳ್ಳಿಗಳ ಎಷ್ಟೋ ಜನರು ಈ ಬೀಡುಗಳಲ್ಲಿ ಸಂಬಳದ ಮಾರ್ಗದರ್ಶಕರೂ ಕಾವಲುಗಾರರೂ ಆದರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ನಿಲ್ಲುವುದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾದರೂ ಯಾರು?

ಇದೇ ಕಾಲದಲ್ಲಿ ನಮ್ಮ ಮಹಾರಾಷ್ಟ್ರದ ಲೋನಾವಳೆಯಲ್ಲಿ ಮತ್ತೊಂದು ಪ್ರಯತ್ನ ನಡೆದಿತ್ತು. ಟಾಟಾ ವಿದ್ಯುತ್ ಕಂಪನಿಯ ಜಲಾಶಯಗಳ ದಡದಲ್ಲಿ, ಮಹಾರಾಷ್ಟ್ರದ ಮೀನುಗಾರಿಕೆ ಇಲಾಖೆಯ ನಿವೃತ್ತ ನಿರ್ದೇಶಕರಾದ ಡಾ. ಸಿ. ವಿ. ಕುಲಕರ್ಣಿಯವರ ಮಾರ್ಗದರ್ಶನದಲ್ಲಿ, ಖುಡ್ರಿ ಮಹಶೀರಿನ ತತ್ತಿಯನ್ನು ಕೈಯಿಂದ ಹಿಂಡಿ ತೆಗೆದು ಮರಿಮಾಡುವ ಕ್ರಮವು ೧೯೭೦ರ ದಶಕದಲ್ಲಿ ಕೈಗೂಡಿತು. ಮಹಶೀರು ಎಲ್ಲೆಲ್ಲಿಯೂ ಕ್ಷೀಣಿಸುತ್ತಿದೆಯೆಂದು ಕೊರಗುತ್ತಿದ್ದವರಿಗೆ ಇದು ಸಂಜೀವಿನಿಯಂತೆ ಕಂಡಿತು. ಲಕ್ಷಗಟ್ಟಲೆ ಮರಿಗಳು ರಾಜ್ಯ ರಾಜ್ಯಗಳಿಗೆ ಹೋದವು. ಕಾವೇರಿಗೂ ಹೋದವು. ನೀಲಿ ಛಾಯೆಯ ರೆಕ್ಕೆಗಳುಳ್ಳ ಈ ಮೀನು ಕೃಷ್ಣಾ-ಭೀಮಾ ಪರಿವಾರದ್ದು. ಕಾವೇರಿಯ ಹುಟ್ಟು ನಿವಾಸಿಯಲ್ಲ. ಕಾವೇರಿಯ ಹುಟ್ಟು ನಿವಾಸಿ ಬೇರೆಯೇ ಇತ್ತು. ಅದು ಕುತ್ತಿಗೆಯ ಹಿಂದೆ ಗೂನಿನಂತೆ ಉಬ್ಬಿದ ಬೆನ್ನುಳ್ಳ, ಪ್ರಪಂಚದ ಮಹಶೀರುಗಳಲ್ಲೆಲ್ಲ ದೊಡ್ಡದಾಗಿ ಬೆಳೆಯುವ ಮೀನು. ೧೯೪೬ರ ದಾಖಲೆಯ ಮೀನೂ ಇದೇ ಜಾತಿಯದು. ಆ ದಡದವರು ಇದನ್ನು ಬಿಳಿಮೀನೆಂದು ಕರೆದು ಬೇರೆಯಾಗಿಯೇ ಗುರುತಿಸುತ್ತಿದ್ದರು. ಆದರೆ ಮರಿ ಬಿಡುವವರ ಕಣ್ಣಿಗೆ ಮಹಶೀರೆಂದರೆ ಎಲ್ಲವೂ ಮಹಶೀರೇ.

ಫಲವೇನಾಯಿತೆಂಬುದನ್ನು ಹೇಳಿದ್ದು ಗಾಳಗಾರರ ಬೀಡಿನ ದಿನಚರಿಯ ಪುಸ್ತಕಗಳೇ. ಗಾಳಿಬೋರೆಯಲ್ಲಿ ೧೯೯೮ರಿಂದ ೨೦೧೨ರ ವರೆಗೆ ಬರೆದಿಟ್ಟ ಲೆಕ್ಕವನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ೨೩,೦೦೦ ಗಂಟೆಗಳಿಗೂ ಮಿಕ್ಕಿ ಗಾಳ ಹಾಕಿ, ೬,೦೦೦ಕ್ಕೂ ಹೆಚ್ಚು ಮಹಶೀರುಗಳನ್ನು ಹಿಡಿದು ತೂಗಿ ಬಿಟ್ಟ ಲೆಕ್ಕ ಅದು. ಮೇಲುನೋಟಕ್ಕೆ ಸಂತೋಷದ ಸಮಾಚಾರ: ಗಂಟೆಗೆ ಸಿಕ್ಕುವ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಆದರೆ ಜಾತಿಯನ್ನು ಬೇರ್ಪಡಿಸಿ ನೋಡಿದಾಗ, ಏರಿದ್ದೆಲ್ಲ ನೀಲಿರೆಕ್ಕೆಯ ಅತಿಥಿ. ಗೂನುಬೆನ್ನಿನ ಒಡೆಯನು ಗಾಳಕ್ಕೆ ಸಿಕ್ಕುವುದೇ ದುರ್ಲಭವಾಗುತ್ತ ಬಂದಿತ್ತು. ಮೀನನ್ನು ಉಳಿಸಬೇಕೆಂದು ಬಿಟ್ಟ ಮರಿಗಳ ಸಂತಾನವು ನದಿಯನ್ನು ತುಂಬುತ್ತಿದ್ದ ಕಾಲದಲ್ಲಿಯೇ, ಉಳಿಯಬೇಕಾಗಿದ್ದ ಮೀನು ಕಣ್ಮರೆಯಾಗುತ್ತಿತ್ತು.

ಈ ಅನರ್ಥ ಇಷ್ಟು ವರ್ಷ ಯಾರ ಗಮನಕ್ಕೂ ಬಾರದಿದ್ದುದಕ್ಕೆ ಒಂದು ಕಾರಣ ಹೆಸರಿನ ಗೊಂದಲ. ಕಾವೇರಿಯ ಗೂನುಬೆನ್ನಿನ ಮಹಶೀರನ್ನು ಪಂಡಿತರು ಬಹುಕಾಲ ಮಸುಲ್ಲಾ ಎಂದು ಕರೆಯುತ್ತಿದ್ದರು. ಮಸುಲ್ಲಾ ಎಂಬುದು, ವಾಚಕರಿಗೆ ನೆನಪಿರಬಹುದು, ಸೈಕ್ಸನು ಘೋಡ ನದಿಯಲ್ಲಿ ಕಂಡ ಮೀನಿಗಿಟ್ಟ ಹೆಸರು. ಈಚಿನ ವಿಚಾರಣೆಯಲ್ಲಿ ಆ ಮೀನು ಮಹಶೀರ್ ಕುಲದ್ದೇ ಅಲ್ಲವೆಂದು ತಿಳಿದುಬಂದಿತು. ಎಂದರೆ ಭೀಮಾತೀರದ ಬೇರೊಂದು ಮೀನಿನ ಹೆಸರನ್ನು ಹೊತ್ತು, ತನ್ನ ಸ್ವಂತ ಹೆಸರಿಲ್ಲದೆ ಕಾವೇರಿಯ ಆ ಮಹಾಮತ್ಸ್ಯವು ನಶಿಸುತ್ತಿತ್ತು! ಹೆಸರಿಲ್ಲದ ಜೀವಿಯು ಅಳಿವಿನಂಚಿನ ಪಟ್ಟಿಯಲ್ಲಿ ಸೇರುವುದು ಹೇಗೆ? ಶಾಲೆಯ ಹಾಜರಿಪುಸ್ತಕದಲ್ಲಿ ಹೆಸರು ಏರದ ಹುಡುಗನು ಬಾರದಿದ್ದರೆ ಯಾವ ಮಾಸ್ತರನೂ ಅವನ ಮನೆಗೆ ಹೋಗಿ ವಿಚಾರಿಸುವುದಿಲ್ಲ. ಕೊನೆಗೆ ೨೦೧೮ರಲ್ಲಿ, ಕೇರಳದ ಪಾಂಬಾರ್ ಹೊಳೆಯಲ್ಲಿ ದೊರೆತು ಪ್ರಾಣಿಶಾಸ್ತ್ರಜ್ಞೆ ರೆಮಾದೇವಿಯವರ ಹೆಸರನ್ನು ಪಡೆದಿದ್ದ ‘ಟಾರ್ ರೆಮಾದೇವಿಯೈ’ ಎಂಬ ಮಹಶೀರೂ ಇದೂ ಒಂದೇ ಎಂದು ಸಿದ್ಧವಾಯಿತು. ಪಾಂಬಾರಿನ ನೀರೂ ಕಾವೇರಿಗೇ ಸೇರುವಂಥದು. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಮ್ಮ ಖುಡ್ರಿಯನ್ನಾದರೋ ಅದೇ ವರ್ಷ ಅಪಾಯದ ಪಟ್ಟಿಯಿಂದ ಇಳಿಸಿ, ಚಿಂತೆಗೆ ಹೆಚ್ಚು ಕಾರಣವಿಲ್ಲದವುಗಳ ಸಾಲಿನಲ್ಲಿ ಕೂಡಿಸಲಾಯಿತು.

ಅಷ್ಟರಲ್ಲಿ ಗಾಳಿಬೋರೆಯ ಗಾಳವೂ ನಿಂತುಹೋಗಿತ್ತು. ಆ ಪ್ರದೇಶ ಕಾವೇರಿ ವನ್ಯಧಾಮದೊಳಗಿನದು. ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥವನ್ನು ೧೯೭೨ರ ವನ್ಯಜೀವಿ ಕಾಯಿದೆಗೆ ಮಾಡಿ, ೨೦೧೨ರ ಹೊತ್ತಿಗೆ ಅದನ್ನು ನಿಲ್ಲಿಸಿದರು. ಹಿಡಿದು ಬಿಟ್ಟರೂ ಕೊಕ್ಕೆ ಚುಚ್ಚಿದ ಬಾಯಿ ನೋಯದಿರುವುದಿಲ್ಲ. ದಯೆಯನ್ನು ಧರ್ಮದ ಮೂಲವೆಂದು ನಂಬಿದ ನಾಡಿನವರು ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ಗಾಳಗಾರರು ಹೋದ ಮೇಲೆ ಆ ಮಡುಗಳಲ್ಲಿ ತೂಕದ ಲೆಕ್ಕ ಬರೆಯುವವರಿಲ್ಲವಾಯಿತು. ಅವರ ಸಂಬಳದ ಕಾವಲುಗಾರರ ಕೆಲಸವೂ ಹೋಯಿತು. ನನಗೆ ಈ ಎರಡನೆಯ ನಷ್ಟವೇ ದೊಡ್ಡದೆಂದು ತೋರುವುದು. ಸಿಡಿಮದ್ದು ಎಸೆಯುವವನು ಕಾಯಿದೆಯ ಅರ್ಥವಿವರಣೆಯನ್ನು ಓದಿಕೊಂಡು ಬರುವವನಲ್ಲ.

ಈಗ ಪುನಃ ನಮ್ಮ ಭೀಮೆ. ಖುಡ್ರಿಯ ಮೊದಲ ವರ್ಣನೆಗೆ ಆಧಾರವಾದ ಮುಳಾ-ಮುಠಾ ಇಂದು ಪುಣೆಯ ಕೊಳೆಯನ್ನು ಹೊತ್ತು ಹರಿಯುವುದು. ೧೯೮೦ರಲ್ಲಿ ಪೂರ್ಣವಾದ ಉಜನಿ ಅಣೆಕಟ್ಟಿನಿಂದ ನಮ್ಮ ಜಿಲ್ಲೆಗೆ ಕಬ್ಬು ಬಂದಿತು, ದೀಪ ಬಂದಿತು, ಸೊಲ್ಲಾಪುರಕ್ಕೆ ಕುಡಿಯುವ ನೀರು ಬಂದಿತು. ಅದರ ಉಪಕಾರವನ್ನು ಮರೆತು ಮಾತನಾಡುವುದು ಸಲ್ಲದು. ಆದರೆ ಹರಿಯುವ ನೀರಿನ ಮೀನಿಗೆ ನಿಂತ ನೀರು ಪರದೇಶ. ಉಜನಿಯ ಬಲೆಗಳಿಗೆ ಈಗ ಹೇರಳವಾಗಿ ಬೀಳುವುದು ಚಿಲಾಪಿ. ಕರ್ನಾಟಕದಲ್ಲಿ ಅದನ್ನು ಜಿಲೇಬಿ ಎನ್ನುವರು. ಆಫ್ರಿಕಾ ಮೂಲದ ತಿಲಾಪಿಯಾ ಕುಲವನ್ನು ನಮ್ಮ ದೇಶಕ್ಕೆ ಮೊದಲು ತಂದದ್ದು ೧೯೫೨ರಲ್ಲಿ. ಅದೂ ಜನರಿಗೆ ಆಹಾರವಾಗಲೆಂಬ ಸದಿಚ್ಛೆಯಿಂದಲೇ. ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಒಮ್ಮೆ, ನಿಮಗೆ ತಿಳಿದ ಮೀನುಗಳ ಹೆಸರು ಬರೆಯಿರಿ ಎಂದೆ. ಹೆಚ್ಚಿನವರ ಪಾಟಿಯ ಮೇಲೆ ಇದ್ದದ್ದು ಒಂದೇ ಹೆಸರು: ಚಿಲಾಪಿ. ಒಬ್ಬ ಹುಡುಗನು ಮಾತ್ರ ತನ್ನ ಅಜ್ಜ ಬಲೆ ಬೀಸುತ್ತಿದ್ದವನೆಂದು ಹೇಳಿ ಏಳು ಹೆಸರು ಬರೆದನು. ಅವುಗಳಲ್ಲಿ ನಾಲ್ಕು ನನಗೆ ಯಾವ ಕನ್ನಡ ನಿಘಂಟಿನಲ್ಲಿಯೂ ಸಿಕ್ಕಲಿಲ್ಲ.

ಸೋಮೇಶ್ವರನ ಮೂವತ್ತೈದು ಹೆಸರುಗಳಿಗೆ ಹೋರಾ ಅವರಂಥ ವಿದ್ವಾಂಸರು ಬೇಕಾದರು. ಸೈಕ್ಸನ ಕಿವಿಗೆ ಬಿದ್ದ ಹೆಸರುಗಳಿಗೆ ಭೀಮೆಯ ದಡದ ಮುದುಕರೇ ಸಾಕ್ಷಿ. ಅವರಲ್ಲಿ ಹಲವರು ಇನ್ನೂ ಇದ್ದಾರೆ. ಭೀಮಾ, ಸೀನಾ, ಬೋರಿ, ಹರಣಾ ನದಿಗಳ ದಡದ ಊರುಗಳಲ್ಲಿರುವ ನಮ್ಮ ಸಂಘದ ಸದಸ್ಯರೂ ಶಿಕ್ಷಕ ಬಂಧುಗಳೂ ತಮ್ಮ ಊರಿನ ಬೆಸ್ತರು, ಅಂಬಿಗರು, ಭೋಯಿಗಳು ಬಳಸುವ ಮೀನಿನ ಹೆಸರುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅವರು ಉಚ್ಚರಿಸಿದಂತೆಯೇ ಬರೆದು, ಮೀನಿನ ಗಾತ್ರ, ಬಣ್ಣ, ಹುರುಪೆ, ಮೀಸೆಗಳ ವಿವರದೊಡನೆ, ಅದನ್ನು ಕೊನೆಯ ಸಲ ಕಂಡದ್ದು ಯಾವ ವರ್ಷವೆಂಬುದನ್ನೂ ಕೇಳಿ ಈ ಪತ್ರಿಕೆಯ ವಿಳಾಸಕ್ಕೆ ಕಳಿಸಬೇಕಾಗಿ ಕೋರುತ್ತೇನೆ. ಬಂದ ಹೆಸರುಗಳನ್ನು ಒಂದು ಪಟ್ಟಿಯಾಗಿ ಜೋಡಿಸುವ ಕೆಲಸವನ್ನು ನಾನು ವಹಿಸಿಕೊಳ್ಳುವೆನು. ಆ ಹುಡುಗನ ಅಜ್ಜನ ಏಳು ಹೆಸರುಗಳಿಂದ ಪಟ್ಟಿ ಆರಂಭವಾಗಿದೆ.